ಬಣ್ಣವಿಲ್ಲದ ಎರಡು ಎಣ್ಣೆಗಳು

ಹೊಲಿಗೆ ಮಷೀನಿಗೆ ಬಿಡುವ ಎಣ್ಣೆಯ ಬಾಟಲಿ ಬೆರಳುದ್ದದ್ದು. ನನ್ನ ಅಂಗಡಿಯಲ್ಲಿ ಎರಡು ಮಷೀನುಗಳಿದ್ದರೂ ಒಂದು ಬಾಟಲಿ ತಂದರೆ ವರ್ಷಪೂರ್ತಿ ಬರುತ್ತದೆ. ಈ ಸಲ ಚಳಿ ಕಳೆದು ಚೆರ್ರಿ ಹೂ ಉದುರುವಷ್ಟರಲ್ಲಿ ಮೂರನೆಯದೂ ತಳ ಕಂಡಿತು. ನಾನು ದಾರದ ತುಂಡನ್ನೂ ಎಸೆಯದವಳು, ಇದು ನನ್ನ ಕಣ್ಣಿಗೆ ಬೀಳದೆ ಇರುತ್ತದೆಯೇ? ಆದರೂ ಕೆಲವು ದಿನ ಬಾಯಿ ಮುಚ್ಚಿಕೊಂಡಿದ್ದೆ. ಅಂಗಡಿಯಲ್ಲಿ ಎಣ್ಣೆ ಮುಟ್ಟುವವರು ಇಬ್ಬರೇ, ನಾನು ಮತ್ತು ಫುಸಾಯೆ. ಫುಸಾಯೆ ಕದ್ದಳು ಎನ್ನುವುದಕ್ಕಿಂತ ನಾನೇ ಮೈಮರೆತು ಚೆಲ್ಲಿದೆ ಎಂದು ನಂಬುವುದು ನನಗೆ ಸುಲಭವಾಗಿತ್ತು.

ಯಾಚಿಮಾತಾ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದು ಬಟ್ಟೆ ತಿದ್ದಿಕೊಡುವ ಅಂಗಡಿ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು, ಹೊಸ ವರ್ಷದ ಊಟದಲ್ಲಿ ದಪ್ಪಗಾದವರ ಸೊಂಟ ಬಿಡಿಸುವುದು, ಇಂಥವು. ಫುಸಾಯೆ ಕುರಮೊಚಿ ಇಲ್ಲಿ ಬಂದು ಕೂತು ಇಪ್ಪತ್ತು ವರ್ಷದ ಮೇಲಾಯಿತು. ಚೋಶಿ ಬಂದರಿನ ಮೀನುಗಾರರ ಮಗಳು. ಆ ಕಡೆಯವರು ಪಕ್ಕದಲ್ಲಿ ಕೂತವರ ಜೊತೆಗೂ ದೋಣಿಯಿಂದ ದೋಣಿಗೆ ಕೂಗಿದ ಹಾಗೆ ಮಾತಾಡುತ್ತಾರೆ. ಇವಳ ಮಾತು ಮಾತ್ರ ಸೂಜಿಯ ಕಣ್ಣಿನಲ್ಲಿ ತೂರಿ ಬಂದಷ್ಟು ಸಣ್ಣ. ಗಿರಾಕಿಯ ಜೇಬಿನಲ್ಲಿ ಒಂದು ನಾಣ್ಯ ಸಿಕ್ಕರೂ ಕಾಗದದಲ್ಲಿ ಸುತ್ತಿ ಬಟ್ಟೆಗೆ ಪಿನ್ನು ಚುಚ್ಚಿ ಕೊಡುವವಳು. ಹೊಲಿಗೆ ಒಂದು ಎಳೆ ಓರೆಯಾದರೆ ತಾನೇ ಬಾಯಿಬಿಟ್ಟು ಹೇಳಿ, ಬಿಚ್ಚಿ, ಮತ್ತೆ ಹೊಲಿಯುವವಳು.

"ಸುಮ್ನಿರೇ ಮಾರಾಯ್ತಿ, ಒಳಗಿನ ಹೊಲಿಗೆ ಯಾರ್ ನೋಡ್ತಾರೆ?" ಎಂದು ನಾನು ರೇಗಿದರೆ, "ನಾನ್ ನೋಡ್ಬಿಟ್ಟಿದೀನಲ್ಲಕ್ಕ" ಅನ್ನುತ್ತಿದ್ದಳು.

ಇಂಥವಳು ಮಾಡಿದ ಕೆಲಸವನ್ನು ನಾನೀಗ ಹೇಳಹೊರಟಿರುವುದು.

ಗಂಡ ಯಾಸುಜಿ ಊರಿನ ಬಸ್ಸಿನ ಡ್ರೈವರ್ ಆಗಿದ್ದವನು. ಮಕ್ಕಳಿಲ್ಲ. ವಾರವೆಲ್ಲ ಬಸ್ಸು, ಭಾನುವಾರ ಬಂದೂಕು. ಗಾಬರಿಯಾಗಬೇಡಿ, ಆಟದ ಬಂದೂಕು. ಕಡಲೆಕಾಯಿ ಹೊಲಗಳ ನಡುನಡುವೆ ನಮ್ಮಲ್ಲಿ ಕಾಡಿನ ತುಂಡುಗಳಿವೆ. ಬೆಳೆ ತೆಗೆದ ಮೇಲೆ ಹೊಲದವರಿಗೂ ನಾಲ್ಕು ಕಾಸು ಬೇಕಲ್ಲ, ಆ ಕಾಡುಗಳಿಗೆ ಬಲೆ ಕಟ್ಟಿ ಆಟದ ಬಯಲು ಮಾಡಿದ್ದಾರೆ. ಟೋಕಿಯೊದಿಂದ ಕಾರುಗಟ್ಟಲೆ ಜನ ಸಿಪಾಯಿ ವೇಷ ತೊಟ್ಟು ಬಂದು ಒಬ್ಬರಿಗೊಬ್ಬರು ಪ್ಲಾಸ್ಟಿಕ್ ಗುಂಡು ಹೊಡೆದುಕೊಳ್ಳುತ್ತಾರೆ. ಗುಂಡು ಅವರೆಕಾಳಿಗಿಂತ ಸಣ್ಣದು, ಗ್ಯಾಸಿನ ಒತ್ತಡಕ್ಕೆ ಹಾರುತ್ತದೆ. ಬಂದೂಕಿನ ಹಿಡಿಯೊಳಗೆ ತೂರಿಸುವ ಮ್ಯಾಗಜೀನಿನಲ್ಲಿ ಮೇಲೆ ಗುಂಡುಗಳು ಸಾಲಾಗಿ ನಿಂತಿರುತ್ತವೆ, ಕೆಳಗೆ ಗ್ಯಾಸು ತುಂಬಿರುತ್ತದೆ. ಆ ಗ್ಯಾಸನ್ನು ಹಿಡಿದಿಡುವುದು ಬಳೆಯಂಥ ಪುಟ್ಟ ರಬ್ಬರ್ ವಾಷರುಗಳು. ಕುಕ್ಕರಿನ ಗ್ಯಾಸ್ಕೆಟ್ ಹಾಳಾದರೆ ಏನಾಗುತ್ತದೋ ಇಲ್ಲೂ ಅದೇ ಆಗುತ್ತದೆ. ಬುಸ್ಸೆಂದು ಎಲ್ಲ ಹೊರಗೆ.

ಇದೆಲ್ಲ ನನಗೆ ಗೊತ್ತಿರುವುದು ಫುಸಾಯೆಯಿಂದ. ಫುಸಾಯೆಗೆ ಗೊತ್ತಿರುವುದು ಊಟದ ಹೊತ್ತಿನಲ್ಲಿ ಯಾಸುಜಿ ಮಾಡುತ್ತಿದ್ದ ಪಾಠದಿಂದ. ಅವನಿಗೆ ಗುಂಡು ಹೊಡೆಯುವುದಕ್ಕಿಂತ ಎಣ್ಣೆ ಆರಿಸುವುದರಲ್ಲೇ ಹೆಚ್ಚು ಜೀವ. ವಾಷರಿಗೆ ತೆಳು ಸಿಲಿಕೋನ್ ಎಣ್ಣೆ, ಗ್ಯಾಸು ತುಂಬುವ ಮೊದಲು ಬಾಯಿಗೆ ಒಂದೇ ತೊಟ್ಟು. ಹಿಂದೆ ಮುಂದೆ ಜಾರುವ ಮೇಲ್ಭಾಗಕ್ಕೆ ಸಿಲಿಕೋನ್ ಗ್ರೀಸು, ಅದೂ ಹೊಳಪು ಕಂಡರೆ ಸಾಕು. ನಳಿಗೆಯ ಬುಡದಲ್ಲಿ ಗುಂಡನ್ನು ತಿರುಗಿಸಿ ಕಳಿಸುವ ರಬ್ಬರಿಗೆ ಮಾತ್ರ ಏನೂ ತಾಗಕೂಡದು, ತಾಗಿದರೆ ಗುಂಡು ಕುಡುಕನ ಹಾಗೆ ಎಲ್ಲೆಲ್ಲೋ ಹೋಗುತ್ತದೆ. ಪೆಟ್ರೋಲಿಯಂ ಎಣ್ಣೆಯನ್ನು ಹತ್ತಿರಕ್ಕೂ ತರಬಾರದು, ಅದು ರಬ್ಬರನ್ನು ಉಬ್ಬಿಸಿ ಕೊಳೆಸುತ್ತದೆ.

"ಡಬ್ಬಿ ಮೇಲೆ ಸಿಲಿಕೋನ್ ಅಂತ ದೊಡ್ಡಕ್ಷರದಲ್ಲಿ ಬರ್ದಿದ್ರೆ ಸಾಲ್ದು ಕಣೇ. ಕೆಳಗಡೆ ಸಣ್ಣಕ್ಷರ ಓದ್ಬೇಕು. ಒಳಗೆ ಪೆಟ್ರೋಲಿಯಂ ಬೆರೆಸಿರ್ತಾರೆ, ಕಳ್ಳರು" ಎಂದು ಅವನು ಮೀಸೋ ಸಾರು ಆರಿಹೋಗುವ ತನಕ ಹೇಳುತ್ತಿದ್ದ.

ಫುಸಾಯೆ ಹೂಂಗುಟ್ಟುತ್ತಿದ್ದಳು. ಬೇಡ ಬೇಡ ಅಂದರೂ ಎಲ್ಲ ತಲೆಯೊಳಗೆ ಕೂತಿತ್ತು.

ಅವನ ತಂಡದವರು ಅವನನ್ನು 'ಎಣ್ಣೆ ಮೇಷ್ಟ್ರು' ಎಂದೇ ಕರೆಯುತ್ತಿದ್ದರು. ಶನಿವಾರ ಸಂಜೆ ಒಬ್ಬೊಬ್ಬರೇ ಬಂದು ತಮ್ಮ ಮ್ಯಾಗಜೀನುಗಳನ್ನು ಕೊಟ್ಟು ಹೋಗುವರು. ಅವನು ಅಡುಗೆಮನೆಯ ಮೇಜಿನ ಮೇಲೆ ಹಳೇ ಟವಲು ಹಾಸಿ, ಕನ್ನಡಕ ಏರಿಸಿ, ಒಂದೊಂದಕ್ಕೂ ತೊಟ್ಟು ಬಿಟ್ಟು ಒರೆಸಿ ಇಡುವನು. ದುಡ್ಡು ಮುಟ್ಟುತ್ತಿರಲಿಲ್ಲ. ಮೇಷ್ಟ್ರ ಕೈ ಬಿದ್ದರೆ ಗ್ಯಾಸು ನಿಲ್ಲುತ್ತದೆ ಎಂಬ ಮಾತೇ ಅವನಿಗೆ ಸಂಬಳ. ಬಸ್ಸು ಓಡಿಸಿದವನನ್ನು ಯಾರು ಹೊಗಳುತ್ತಾರೆ ಹೇಳಿ. ಹೊತ್ತಿಗೆ ಸರಿಯಾಗಿ ಬಂದರೆ ಅದು ಬಸ್ಸಿನ ಕರ್ತವ್ಯ, ತಡವಾದರೆ ಡ್ರೈವರಿನ ತಪ್ಪು.

ಆ ಆಟದ ಇನ್ನೊಂದು ನೇಮವನ್ನೂ ಅವನು ಹೆಮ್ಮೆಯಿಂದ ಹೇಳುತ್ತಿದ್ದ. ಪ್ಲಾಸ್ಟಿಕ್ ಗುಂಡು ಬಣ್ಣ ಬಿಡುವುದಿಲ್ಲ, ಗುರುತು ಬಿಡುವುದಿಲ್ಲ. ದಪ್ಪ ಬಟ್ಟೆಯ ಮೇಲೆ ಬಿದ್ದರೆ ಹೊಡೆದವನಿಗೂ ತಿಳಿಯುವುದಿಲ್ಲ. ತಗುಲಿದವನೇ ಕೈಯೆತ್ತಿ 'ಹಿಟ್' ಎಂದು ಕೂಗಿ ಆಟದಿಂದ ಹೊರನಡೆಯಬೇಕು. ತಗುಲಿಸಿಕೊಂಡೂ ಕೂಗದವನನ್ನು ಅವರು 'ಹೆಣ' ಅನ್ನುತ್ತಾರೆ. ಸತ್ತ ಮೇಲೂ ಓಡಾಡುವವನು ಎಂದು ಅರ್ಥ. ಅದಕ್ಕಿಂತ ದೊಡ್ಡ ಬೈಗುಳ ಅಲ್ಲಿಲ್ಲ.

ಮಾರ್ಚಿಗೆ ಯಾಸುಜಿಯ ನೌಕರಿ ಮುಗಿಯುವುದಿತ್ತು. ಅದಕ್ಕೂ ಮೊದಲೇ, ಉಳಿದ ರಜೆಯೆಲ್ಲ ಸೇರಿಸಿ, ಫೆಬ್ರವರಿಯಲ್ಲೇ ಮನೆಯಲ್ಲಿ ಕೂತ. ಫುಸಾಯೆ ಈ ದಿನಕ್ಕಾಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದಳು. ಮದುವೆಯಾದ ಮೇಲೆ ಅವಳ ಪಾಲಿನ ಭಾನುವಾರ ಎಂದರೆ ಒಬ್ಬಳೇ ನೂಡಲ್ಸ್ ಬೇಯಿಸಿಕೊಂಡು ಟಿವಿ ನೋಡುವುದು. ಕಿನುಗಾವಾದ ಬಿಸಿನೀರಿನ ಬುಗ್ಗೆಯ ಹೋಟೆಲಿನಲ್ಲಿ ಒಂದು ಕೋಣೆ ಕಾದಿರಿಸಿ, ನನ್ನ ಹತ್ತಿರ ಸೂಟ್‌ಕೇಸು ಇಸಿದುಕೊಂಡು ಹೋದಳು. ಮುಖ ಹದಿನಾರರ ಹುಡುಗಿಯದು. ಎರಡು ದಿನ ಬಿಟ್ಟು ಸೂಟ್‌ಕೇಸು ಹಾಗೇ ವಾಪಸ್ಸು ಬಂತು.

"ಆ ಭಾನುವಾರ ಅವರ ತಂಡದ್ದು ವರ್ಷದ ದೊಡ್ಡ ಆಟ ಅಂತೆ ಅಕ್ಕ. ಮುಂದಿನ್ ತಿಂಗ್ಳು ಹೋಗೋಣ ಅಂದ್ರು" ಅಂದಳು. ಅಷ್ಟೇ. ದಾರ ಪೋಣಿಸಿಕೊಂಡು ಕೆಲಸಕ್ಕೆ ಕೂತಳು.

ಮುಂದಿನ ತಿಂಗಳು ಯಾಸುಜಿ ಭಾನುವಾರದ ಜೊತೆ ಬುಧವಾರವೂ ಆಟಕ್ಕೆ ಹೊರಟ. ಪುರುಸೊತ್ತು ಸಿಕ್ಕಿತ್ತಲ್ಲ. ಮೊಣಕಾಲು ಊದಿತ್ತು, ಮಂಡಿಯೂರಿ ಕೂರಬೇಡಿ ಎಂದು ಡಾಕ್ಟರು ಹೇಳಿದ್ದರು, ಅದಕ್ಕೂ ಕಿವಿ ಕೊಡಲಿಲ್ಲ.

ಆಮೇಲಿನದು ನನಗೆ ತಿಳಿದದ್ದು ಏಪ್ರಿಲ್ಲಿನಲ್ಲಿ, ಮೂರನೆಯ ಬಾಟಲಿ ಖಾಲಿಯಾಗಿ ಕೆಲವು ದಿನವಾದ ಮೇಲೆ. ಮಧ್ಯಾಹ್ನ ಗಿರಾಕಿಗಳಿರಲಿಲ್ಲ. ನಾನು ತಮಾಷೆಯ ದನಿಯಲ್ಲೇ ಕೇಳಿದೆ.

"ಅಲ್ಲಾ ಫುಸಾಯೆ, ಎಣ್ಣೆ ಎಲ್ಲಿಗ್ ಹೋಗ್ತಿದೆ? ಕುಡೀತಿದೀಯೇನೇ?"

ಅವಳು ಕತ್ತರಿಯನ್ನು ಕೆಳಗಿಟ್ಟಳು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಎನ್ನುತ್ತಾರೆ, ಅವಳು ಎಷ್ಟು ದಿನದಿಂದ ಈ ಪ್ರಶ್ನೆಗೆ ಕಾದಿದ್ದಳೋ.

"ಅವರ ಬಾಟ್ಲಿಗೆ ಹಾಕ್ದೆ ಅಕ್ಕ" ಅಂದಳು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅವಳು ತಲೆ ಬಗ್ಗಿಸಿಕೊಂಡೇ ಹೇಳಿದಳು. ಸೂಟ್‌ಕೇಸು ನನಗೆ ವಾಪಸ್ಸು ಕೊಟ್ಟ ದಿನ ನಮ್ಮ ಡ್ರಾಯರಿನಿಂದ ಮಷೀನಿನ ಎಣ್ಣೆಯನ್ನು ಜೇಬಿಗೆ ಹಾಕಿಕೊಂಡು ಹೋದಳಂತೆ. ಅದು ಪೆಟ್ರೋಲಿಯಂ ಎಣ್ಣೆಯೇ. ಯಾಸುಜಿಯ ತೊಟ್ಟಿನ ಬಾಟಲಿಯಲ್ಲಿರುವ ಸಿಲಿಕೋನ್ ಎಣ್ಣೆಗೂ ಬಣ್ಣವಿಲ್ಲ, ಇದಕ್ಕೂ ಬಣ್ಣವಿಲ್ಲ. ಅವನು ಸ್ನಾನಕ್ಕೆ ಇಳಿದಾಗ ಅದನ್ನು ಚೆಲ್ಲಿ ಇದನ್ನು ತುಂಬಿದಳು. ವಾಸನೆಯಲ್ಲಿ ವ್ಯತ್ಯಾಸವಿದೆ, ಮೂಗಿರುವವನಿಗೆ ಮೊದಲ ದಿನವೇ ತಿಳಿಯುತ್ತಿತ್ತು. ಆದರೆ ಅದು ಸುಗಿ ಮರಗಳು ಹೂಪುಡಿ ಉದುರಿಸುವ ಕಾಲ. ಊರಿಗೆ ಊರೇ ಮಾಸ್ಕು ಹಾಕಿ ಸೀನುತ್ತಿರುತ್ತದೆ, ಯಾಸುಜಿಯ ಮೂಗಂತೂ ಮೇ ತಿಂಗಳ ತನಕ ಇದ್ದೂ ಇಲ್ಲದ ಹಾಗೆ. ಅದೂ ಅವಳ ಲೆಕ್ಕದಲ್ಲಿತ್ತು.

"ಅವರ ಮೊಣಕಾಲಿಗೋಸ್ಕರ ಅಂದ್ಕೊಂಡೆ" ಎಂದಳು. ಕತ್ತರಿಯನ್ನು ದೂರ ಸರಿಸಿ, "ಸುಳ್ಳು. ನನಗೆ ಭಾನುವಾರ ಬೇಕಿತ್ತು" ಎಂದಳು.

ಮೊದಲ ವಾರ ಅವಳೆಣಿಸಿದಂತೆಯೇ ಆಯಿತು. ಯಾಸುಜಿಯ ಮ್ಯಾಗಜೀನು ಸೋರಿತು, ಬಂದೂಕು ಅರ್ಧಕ್ಕೆ ನಿಂತಿತು, ಅವನು ಮಧ್ಯಾಹ್ನಕ್ಕೇ ಮನೆಗೆ ಬಂದ. ಇಬ್ಬರೂ ಹೋಗಿ ಸೋಬಾ ನೂಡಲ್ಸ್ ತಿಂದು, ಕೆರೆಯ ದಂಡೆಯಲ್ಲಿ ಒಂದು ಸುತ್ತು ಹಾಕಿ ಬಂದರು. ಅವನು ಅವಳಿಗೆ ಐಸ್‌ಕ್ರೀಮ್ ಕೊಡಿಸಿದ. ಅದನ್ನು ಹೇಳುವಾಗ ಫುಸಾಯೆ ಅತ್ತಳು.

ಅವಳು ಎಣಿಸದೆ ಇದ್ದದ್ದು ಒಂದೇ. ಅದೇ ಬಾಟಲಿಯಿಂದ ಅವನು ತಂಡದವರೆಲ್ಲರ ಮ್ಯಾಗಜೀನಿಗೂ ತೊಟ್ಟು ಬಿಟ್ಟಿದ್ದ.

ಒಬ್ಬೊಬ್ಬರದೇ ಸೋರತೊಡಗಿತು. ಮೊದಲು ಎಲ್ಲರೂ ನಕ್ಕರು. "ಏನ್ ಮೇಷ್ಟ್ರೇ, ಟೆಂಪುರಾ ಕರಿದ ಎಣ್ಣೆ ಮಿಕ್ಕಿತ್ತಾ?" ಎಂದು ಬಯಲಿನ ಒಡೆಯ, ಇಶಿಗೆ ಎನ್ನುವವನು, ಛೇಡಿಸಿದನಂತೆ. ಯಾಸುಜಿ ಹಳೆಯ ಎಣ್ಣೆ ಕೆಟ್ಟಿರಬೇಕು ಎಂದುಕೊಂಡು ಹೊಸದು ತಂದು, ಎಲ್ಲರ ವಾಷರುಗಳನ್ನೂ ತನ್ನ ಕೈಯಿಂದಲೇ ಬದಲಿಸಿಕೊಟ್ಟ. ಅಲ್ಲಿಗೆ ಮುಗಿಯಬೇಕಿತ್ತು. ಫುಸಾಯೆ ಹೊಸ ಬಾಟಲಿಯನ್ನೂ ಬದಲಿಸಿದಳು.

"ಯಾಕೇ? ಬುದ್ಧಿ ಎಲ್ಲಿಟ್ಟಿದ್ದೆ?" ಎಂದೆ.

"ಮೊದಲನೇ ಸಲ ಸಿಟ್ಟಿಗೆ ಮಾಡ್ದೆ ಅಕ್ಕ. ಎರಡನೇ ಸಲ ಆ ಐಸ್‌ಕ್ರೀಮ್ ಆಸೆಗೆ." ಅವಳು ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಅಂಗುಸ್ತಾನವನ್ನು ತೆಗೆದು ಹಾಕಿ ಮಾಡುತ್ತಿದ್ದಳು. "ಆಮೇಲ್ ಆಮೇಲೆ ಹೆದರಿಕೆಗೆ. ಇದ್ದಕ್ಕಿದ್ದ ಹಾಗೆ ಸರಿ ಹೋದ್ರೆ ಅವರಿಗೆ ಅನುಮಾನ ಬರಲ್ವಾ?"

ನಕ್ಕವರು ಎರಡನೆಯ ಸಲ ನಗಲಿಲ್ಲ. ನಮ್ಮ ಜನಕ್ಕೆ ಬೈಯಲು ಬಾರದು, ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಈ ವಾರ ಬೇಡ ಮೇಷ್ಟ್ರೇ, ನಿಮಗ್ಯಾಕೆ ತೊಂದ್ರೆ" ಎಂದು ಒಬ್ಬ, "ಮಗ ಮಾಡ್ಕೊಡ್ತೀನಿ ಅಂದಿದಾನೆ" ಎಂದು ಇನ್ನೊಬ್ಬ. ಶನಿವಾರ ಸಂಜೆ ಬಾಗಿಲ ಗಂಟೆ ಬಾರಿಸುವುದು ನಿಂತಿತು. ಯಾಸುಜಿ ಮೇಜಿನ ಮೇಲೆ ಟವಲು ಹಾಸಿಕೊಂಡು ಕೂತೇ ಇರುತ್ತಿದ್ದನಂತೆ.

ಇಷ್ಟೇ ಆಗಿದ್ದರೆ ನಾನು ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಯಾಸುಜಿಯ ತಂದೆ ಕೊನೆಗಾಲದಲ್ಲಿ ಮರೆವಿನ ರೋಗದಿಂದ ಹೋದವರು. ಚಪ್ಪಲಿಯನ್ನು ಅನ್ನದ ಕುಕ್ಕರಿನಲ್ಲಿಟ್ಟವರು, ಮಗನನ್ನು ಕಂಡಕ್ಟರ್ ಎಂದುಕೊಂಡು ಟಿಕೆಟು ಕೇಳಿದವರು. ಯಾಸುಜಿ ಹೊರಗೆಲ್ಲೂ ತಪ್ಪು ಕಾಣದೆ ಒಳಗೆ ಹುಡುಕತೊಡಗಿದ. ಎಣ್ಣೆ ಸರಿ, ವಾಷರು ಹೊಸದು, ಗ್ಯಾಸು ಅದೇ. ಇನ್ನು ಉಳಿದದ್ದು ತನ್ನ ತಲೆ. ತಾನು ಎಲ್ಲೋ ಏನೋ ಬೆರೆಸುತ್ತಿದ್ದೇನೆ, ಬೆರೆಸಿದ್ದು ಮರೆಯುತ್ತಿದ್ದೇನೆ. ಬಾಟಲಿಯ ಚೀಟಿಯನ್ನು ಗಟ್ಟಿಯಾಗಿ ಓದಿಕೊಳ್ಳುವುದು, ಮತ್ತೆ ಓದಿಕೊಳ್ಳುವುದು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಇದು ಸಿಲಿಕೋನೇ ತಾನೇ, ಫುಸಾಯೆ?" ಎಂದು ಕೇಳುವುದು.

"ನೀನೇನಂದೆ?" ಎಂದು ನಾನು ಕೇಳಿದೆ.

"ಹೌದು ರೀ ಅಂದೆ."

ನನಗೆ ಅವಳ ಕಪಾಳಕ್ಕೆ ಎರಡು ಬಾರಿಸಬೇಕು ಅನ್ನಿಸಿತು. ಅನ್ನಿಸಿದ್ದನ್ನು ನಾನು ಮುಚ್ಚಿಡುವವಳಲ್ಲ. "ಗಂಡನ ತಲೆ ಕೆಡ್ಸಿ ಬಿಡ್ತೀಯಲ್ಲೇ ಪಾಪಿ, ಒಂದ್ ಐಸ್‌ಕ್ರೀಮಿಗೆ?" ಎಂದೆ. ಅವಳು ಹೌದು ಹೌದು ಎಂದು ತಲೆಯಾಡಿಸಿದಳು. ಎದುರು ಹೇಳಿದ್ದರೆ ಇನ್ನೂ ಬೈಯುತ್ತಿದ್ದೆ, ಹೌದು ಅಂದವಳಿಗೆ ಏನು ಬೈಯುವುದು.

ಅವಳನ್ನು ಅಷ್ಟು ಕುಗ್ಗಿಸಿದ್ದು ಹಿಂದಿನ ದಿನ ನಡೆದದ್ದು. ಸ್ನಾನದ ಮನೆಯ ಬಾಗಿಲ ಹೊರಗೆ ಒಗೆದ ಬಟ್ಟೆ ಇಡಲು ಹೋದವಳಿಗೆ ಒಳಗಿಂದ ಗಂಡನ ದನಿ ಕೇಳಿತು. ಯಾರ ಜೊತೆ ಮಾತು ಎಂದು ಕಿವಿಗೊಟ್ಟಳು. ನೂರರಿಂದ ಏಳೇಳು ಕಳೆಯುತ್ತಿದ್ದ. ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು. ಅಲ್ಲಿಗೆ ನಿಂತ. ಮತ್ತೆ ನೂರರಿಂದ ಶುರು. ಮತ್ತೆ ಎಪ್ಪತ್ತೊಂಬತ್ತರಲ್ಲಿ ನಿಂತ. ಮರೆವಿನ ಡಾಕ್ಟರು ಕೇಳುವ ಪ್ರಶ್ನೆ ಅದು, ಮಾವನನ್ನು ಕರೆದುಕೊಂಡು ಹೋದಾಗ ಅವಳೇ ಪಕ್ಕದಲ್ಲಿ ಕೂತು ಕೇಳಿದ್ದಳು. ಯಾಸುಜಿ ಅವಳಿಗೆ ಹೇಳದೆ ಅದೇ ಡಾಕ್ಟರ ಹತ್ತಿರ ಮುಂದಿನ ಮಂಗಳವಾರಕ್ಕೆ ಹೊತ್ತು ಕೇಳಿಕೊಂಡಿದ್ದ, ಅಂಗಿಯ ಜೇಬಿನ ಚೀಟಿಯಿಂದ ಅವಳಿಗೆ ತಿಳಿಯಿತು. ಸ್ನಾನದ ತೊಟ್ಟಿಯ ನೀರಿನಲ್ಲಿ ಕೂತು ಪರೀಕ್ಷೆಗೆ ಓದುತ್ತಿದ್ದ.

"ಅವರು ಲೆಕ್ಕದಲ್ಲಿ ಬಲು ಚುರುಕು ಅಕ್ಕ. ಹೆದರಿ ತಪ್ತಿದಾರೆ" ಎಂದಳು. "ನಾನು ಎಪ್ಪತ್ತೆರಡು ಅಂತ ಬಾಗಿಲಾಚೆಯಿಂದ ಹೇಳಿಬಿಡೋದ್ರಲ್ಲಿದ್ದೆ."

"ಎಪ್ಪತ್ತೆರಡು ಹೇಳ್ತಿದ್ದವಳು ನಿಜ ಹೇಳ್ಬಾರ್ದಾ?"

"ಬಾಯಿಗ್ ಬರುತ್ತೆ. ಅಲ್ಲೇ ನಿಲ್ಲುತ್ತೆ."

ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಮಂಗಳವಾರದೊಳಗೆ ನೀನು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಹೇಳುತ್ತಿದ್ದೆನೋ ಇಲ್ಲವೋ, ಹಾಗೆ ಹೆದರಿಸಿದೆ.

ಅವಳು ಶುಕ್ರವಾರ ಹೇಳಲಿಲ್ಲ, ಶನಿವಾರ ಹೇಳಲಿಲ್ಲ. ಶನಿವಾರ ಯಾಸುಜಿಯೇ ಅವಳಿಗೆ ಹೇಳಿದ್ದು, ನಾಳೆ ಬಯಲಿಗೆ ಹೋಗಿ ಎಲ್ಲರ ಎದುರು ಕ್ಷಮೆ ಕೇಳಿ, ತನ್ನ ಎಣ್ಣೆಯ ಪೆಟ್ಟಿಗೆಯನ್ನು ಇಶಿಗೆಗೆ ಒಪ್ಪಿಸಿ ಬರುತ್ತೇನೆ ಎಂದು. ಇನ್ನು ಮುಂದೆ ಭಾನುವಾರ ಮನೆಯಲ್ಲೇ ಇರುತ್ತೇನೆ ಎಂದೂ ಹೇಳಿದ. ಅವಳಿಗೆ ಬೇಕಿದ್ದದ್ದು ಅದೇ. ಕೈಗೆ ಸಿಕ್ಕಿದಾಗ ಕೆಂಡ.

ಭಾನುವಾರ ಬೆಳಿಗ್ಗೆ ಫುಸಾಯೆ ನನಗೆ ಫೋನು ಮಾಡಿ, "ಅಕ್ಕ, ನಿಮ್ಮ ವ್ಯಾನಿನಲ್ಲಿ ನಮ್ಮಿಬ್ರನ್ನೂ ಬಯಲಿಗೆ ಬಿಡ್ತೀರಾ?" ಎಂದಳು. ಅವಳು ಅಲ್ಲಿಗೆ ಕಾಲಿಟ್ಟವಳೇ ಅಲ್ಲ. ಯಾಸುಜಿಗೆ ಮೊಣಕಾಲು ನೋವು, ವ್ಯಾನು ಬಂದದ್ದು ಅವನಿಗೆ ಅನುಕೂಲವೇ ಆಯಿತು. ಅವಳ ಮಡಿಲಲ್ಲಿ ಬೇಯಿಸಿದ ಕಡಲೆಕಾಯಿಯ ಡಬ್ಬಿ, ಅವನ ಮಡಿಲಲ್ಲಿ ಎಣ್ಣೆಯ ಪೆಟ್ಟಿಗೆ. ದಾರಿಯುದ್ದಕ್ಕೂ ಮೂವರೂ ಹೂ ಉದುರಿದ ಮರಗಳ ಬಗ್ಗೆ ಮಾತಾಡಿದೆವು.

ಬಯಲು ಎಂದರೆ ಕಾಡಿನಂಚಿನಲ್ಲಿ ತಗಡಿನ ಚಪ್ಪರ, ಉದ್ದ ಮೇಜುಗಳು, ಒಂದು ಮೂಲೆಯಲ್ಲಿ ಕರ್ರಿ ರೈಸಿನ ಹಂಡೆ. ಮೇಜುಗಳ ಮೇಲೆ ಅಂಗಾತ ಬಿದ್ದ ಬಂದೂಕುಗಳು. ಬೆಳಗಿನ ಆಟ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ದರು. ನಮ್ಮನ್ನು ಕಂಡು ಇಶಿಗೆ ಎದ್ದು ಬಂದ.

"ಓಹೋ, ಮೇಷ್ಟ್ರು ಸೈನ್ಯ ಕರ್ಕೊಂಡ್ ಬಂದಿದಾರೆ" ಎಂದ. ನಗಿಸಲೆಂದೇ ಹೇಳಿದ್ದು, ಪಾಪ.

ಯಾಸುಜಿ ಕೂರಲಿಲ್ಲ. ಮೇಜಿನ ತುದಿಯಲ್ಲಿ ಪೆಟ್ಟಿಗೆ ಇಟ್ಟು, ಮಾಸ್ಕು ತೆಗೆದು ಜೇಬಿಗೆ ಹಾಕಿಕೊಂಡ. ಎಲ್ಲರೂ ಚಮಚ ಕೆಳಗಿಟ್ಟರು.

"ನಿಮ್ಮೆಲ್ಲರ ಸಾಮಾನು ನಾನು ಹಾಳು ಮಾಡಿದೀನಿ" ಎಂದು ಅವನು ಶುರು ಮಾಡಿದ. ಡ್ರೈವರಿನ ದನಿ, ನಿಲ್ದಾಣದ ಹೆಸರು ಹೇಳುವಾಗಿನ ನಿಧಾನ. "ಎಲ್ಲಿ ತಪ್ತಿದೀನಿ ಅಂತ ನನಗೇ ತಿಳೀತಿಲ್ಲ. ನಮ್ಮಪ್ಪನಿಗೆ ಆಗಿದ್ದು ನನಗೂ ಶುರುವಾಗಿರ್ಬೇಕು. ಇನ್ಮೇಲೆ ನಾನು ಯಾರ ಮ್ಯಾಗಜೀನೂ ಮುಟ್ಟಲ್ಲ. ದಯವಿಟ್ಟು ಕ್ಷಮಿಸ್ಬೇಕು."

ಅವನು ಸೊಂಟ ಬಾಗಿಸಿ ತಲೆ ತಗ್ಗಿಸಿದ. ಬಗ್ಗಿದವನು ಏಳಲಿಲ್ಲ. ತಲೆಯ ಹಿಂಭಾಗದ ಕೂದಲು ಬೆಳ್ಳಗಾಗಿತ್ತು, ನಾನು ಅದನ್ನು ಅವತ್ತೇ ಗಮನಿಸಿದ್ದು. ತಟ್ಟೆಗಳಲ್ಲಿ ಕರ್ರಿ ರೈಸು ಆರುತ್ತಿತ್ತು.

ನನ್ನ ಪಕ್ಕದಲ್ಲಿ ಫುಸಾಯೆಯ ಕೈ ಮೇಲೆದ್ದಿತು. ಮೊದಲು ಕಿವಿಯ ತನಕ, ಆಮೇಲೆ ಪೂರ್ತಿ ನೆಟ್ಟಗೆ.

"ಹಿಟ್" ಎಂದಳು.

ಸೂಜಿಯ ಕಣ್ಣಿನ ದನಿಯಲ್ಲ. ಚೋಶಿಯ ದನಿ, ದೋಣಿಯಿಂದ ದೋಣಿಗೆ ಕೇಳುವಂಥದ್ದು. ಕಾಡಿನಂಚಿನಲ್ಲಿ ಕೂತಿದ್ದವರೂ ತಿರುಗಿದರು. ಯಾಸುಜಿ ಬಗ್ಗಿದ್ದಲ್ಲಿಂದಲೇ ತಲೆಯೆತ್ತಿ ನೋಡಿದ.

"ಅವರ ತಲೆ ಕೆಟ್ಟಿಲ್ಲ" ಎಂದಳು ಫುಸಾಯೆ, ಕೈ ಇಳಿಸದೆ. "ಬಾಟ್ಲಿ ಬದಲಾಯಿಸ್ತಿದ್ದವಳು ನಾನು. ಪ್ರತಿ ಸಲಾನೂ ನಾನೇ. ಇವರು ಸ್ನಾನಕ್ಕೆ ಹೋದಾಗ. ಇವರು ಒಂದ್ ತೊಟ್ಟೂ ತಪ್ಪು ಮಾಡಿಲ್ಲ."

ಯಾಸುಜಿ ನಿಧಾನವಾಗಿ ನೆಟ್ಟಗಾದ. ಬೈಯುತ್ತಾನೆ ಎಂದುಕೊಂಡೆ. ಹೊಡೆದರೆ ಅಡ್ಡ ಹೋಗುವುದೋ ಬೇಡವೋ ಎಂದೂ ಯೋಚಿಸಿದೆ, ಬೇಡ ಎಂದೇ ತೀರ್ಮಾನಿಸಿದ್ದೆ.

"ಯಾವ ಎಣ್ಣೆ?" ಎಂದ.

"ಹೊಲಿಗೆ ಮಷೀನಿಂದು."

"ಪೆಟ್ರೋಲಿಯಂ" ಎಂದ ಅವನು, ತನಗೇ ಹೇಳಿಕೊಳ್ಳುವ ಹಾಗೆ. "ಅದಕ್ಕೇ ಉಬ್ಬಿದ್ದು. ನಾನು ಅಂದ್ಕೊಂಡೆ, ಉಬ್ಬಿರೋ ರೀತಿ ನೋಡಿದ್ರೆ ಪೆಟ್ರೋಲಿಯಂ ಇರ್ಬೇಕು ಅಂತ. ನನ್ನ ಕಣ್ಣು ಸರಿಯಾಗೇ ನೋಡಿತ್ತು." ಆಮೇಲೆ ಬೆಂಚಿನ ಮೇಲೆ ಕುಸಿದು ಕೂತ. "ಹಾಗಾದ್ರೆ ನನ್ನ ತಲೆ ಸರಿ ಇದೆ."

ಅವನು ನಗತೊಡಗಿದ. ನಗುತ್ತ ನಗುತ್ತ ಕಣ್ಣೀರು ಇಳಿಯಿತು. ಇಶಿಗೆಯ ತೋಳು ಹಿಡಿದು ಅಲುಗಿಸಿ, "ನನ್ನ ತಲೆ ಸರಿ ಇದೆ ಕಣಯ್ಯ" ಎಂದ. ಮೇಜಿನ ಸುತ್ತ ಕೂತಿದ್ದ ಒಬ್ಬೊಬ್ಬರಿಗೂ ಹೇಳಿದ. ಕೊನೆಗೆ ಹೆಂಡತಿಯ ಹತ್ತಿರ ಬಂದು, ಇನ್ನೂ ಮೇಲೇ ಇದ್ದ ಅವಳ ಕೈಯನ್ನು ತಾನೇ ಹಿಡಿದು ಇಳಿಸಿ, ಎರಡೂ ಕೈಗಳಲ್ಲಿ ಒತ್ತಿಕೊಂಡ.

"ಹೇಳಿದ್ಯಲ್ಲ. ಒಳ್ಳೇದಾಯ್ತು ಕಣೇ, ಬಲು ಉಪಕಾರ ಆಯ್ತು" ಎಂದ.

ಉಪಕಾರ. ಫುಸಾಯೆಯ ಮುಖ ನೋಡಲಾಗಲಿಲ್ಲ ನನಗೆ. ಬೈಗುಳಕ್ಕೆ ಗಟ್ಟಿ ಮಾಡಿಕೊಂಡು ನಿಂತವಳ ಕೈಗೆ ಅವನು ಕೃತಜ್ಞತೆ ಇಟ್ಟಿದ್ದ. ಅದನ್ನು ಎಲ್ಲಿಡಬೇಕೋ ಅವಳಿಗೆ ತಿಳಿಯಲಿಲ್ಲ. ಜನ ಮೆಲ್ಲಗೆ ಮತ್ತೆ ಊಟಕ್ಕೆ ಕೈ ಹಾಕಿದರು. ಕೂಗಿ ಹೊರಬಂದವರನ್ನು ಮತ್ತೆ ಕೆದಕಬಾರದೆಂಬುದು ಅವರ ನೇಮವಂತೆ. ಇಶಿಗೆ ಕಡಲೆಕಾಯಿಯ ಡಬ್ಬಿಯನ್ನು ತೆರೆದು ಎಲ್ಲರಿಗೂ ಹಂಚಿದ. ಫುಸಾಯೆ ಒಂದು ಕಾಳನ್ನೂ ಬಾಯಿಗಿಡಲಿಲ್ಲ.

ಮಂಗಳವಾರದ ಡಾಕ್ಟರನ್ನು ಯಾಸುಜಿ ಬೇಡವೆಂದ. ಉಬ್ಬಿದ ರಬ್ಬರು ಮತ್ತೆ ಮೊದಲಿನ ಅಳತೆಗೆ ಬರುವುದಿಲ್ಲ, ಎಲ್ಲರದನ್ನೂ ತೆಗೆದು ಹೊಸದು ಹಾಕಬೇಕಿತ್ತು. ಅದನ್ನು ತಾನೇ ಮಾಡುತ್ತೇನೆಂದು ಫುಸಾಯೆ ಹಠ ಹಿಡಿದಳು. ಅವಳದು ಹೊಲಿಗೆಯ ಬೆರಳು, ಬೇಗ ಕಲಿತಳು. ಹಾಗಾಗಿ ಆಮೇಲಿನ ಭಾನುವಾರಗಳಲ್ಲಿ ಗಂಡ ಹೆಂಡತಿ ಅಡುಗೆಮನೆಯ ಮೇಜಿಗೆ ಎದುರುಬದುರು ಕೂತರು. ಅವಳು ಕೇಳಿಕೊಂಡಿದ್ದ ಭಾನುವಾರ ಸಿಕ್ಕಿತು ಎನ್ನಿ. ಮೇ ಕೊನೆಗೆ ಕಿನುಗಾವಾಕ್ಕೂ ಹೋಗಿಬಂದರು, ನನ್ನ ಸೂಟ್‌ಕೇಸು ಹಿಡಿದೇ. ಹೇಗಿತ್ತು ಎಂದು ಕೇಳಿದರೆ, "ನೀರು ಚೆನ್ನಾಗಿತ್ತು" ಅಂದಳು.

ಮೊನ್ನೆ ಅವರ ಮನೆಗೆ ಹೋಗಿದ್ದೆ. ಶನಿವಾರ ಸಂಜೆ. ಬಾಗಿಲ ಗಂಟೆ ಮತ್ತೆ ಬಾರಿಸುತ್ತಿದೆ, ಮೇಜಿನ ಮೇಲೆ ಟವಲು, ಟವಲಿನ ಮೇಲೆ ಸಾಲಾಗಿ ಮ್ಯಾಗಜೀನುಗಳು. ಸುಗಿ ಹೂಪುಡಿಯ ಕಾಲ ಕಳೆದು ಯಾಸುಜಿಯ ಮೂಗು ತೆರೆದುಕೊಂಡಿದೆ. ಅವನು ನನ್ನ ಜೊತೆ ಮಾತಾಡುತ್ತಲೇ ತೊಟ್ಟಿನ ಬಾಟಲಿಯನ್ನು ತೆಗೆದುಕೊಂಡ, ಮುಚ್ಚಳ ತಿರುವಿದ, ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಿದ, ಆಮೇಲೆ ಕೆಲಸಕ್ಕೆ ತೊಡಗಿದ. ಮನಸ್ಸಿನಲ್ಲಿ ಏನೂ ಇಟ್ಟುಕೊಂಡು ಮಾಡಿದ್ದಲ್ಲ. ಮಾಡಿದ್ದು ಅವನಿಗೆ ಗೊತ್ತೂ ಇಲ್ಲ, ಈಗೀಗ ಪ್ರತಿ ಸಲವೂ ಹಾಗೆ ಮಾಡುತ್ತಾನಂತೆ.

ಒಲೆಯ ಮುಂದೆ ನಿಂತಿದ್ದ ಫುಸಾಯೆ ಚಹಾ ಸೋಸುವುದನ್ನು ನಿಲ್ಲಿಸಿದ್ದಳು. ಅವನು ಬಾಟಲಿಯನ್ನು ಮೂಗಿನಿಂದ ಇಳಿಸುವ ತನಕ ಅವಳ ಬಲಗೈ, ಅವತ್ತು ಬಯಲಿನಲ್ಲಿ ಎದ್ದ ಹಾಗೆಯೇ, ಸೊಂಟದಿಂದ ಸ್ವಲ್ಪ ಮೇಲೆದ್ದು, ಅಲ್ಲೇ ನಿಂತಿತ್ತು.